ಮೂರು ಸ್ವರಗಳ ಕಹಳೆ

ನವರಂಗಪುರಕ್ಕೆ ವರ್ಗವಾಗಿ ಬಂದು ನಮಗೀಗ ನಾಲ್ಕು ವರ್ಷಗಳಾದವು. ಕೇಂದ್ರ ಸರ್ಕಾರದ ನೌಕರಿಯೆಂದರೆ ಊರುಗಳನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಪರಿಚಯ ಮಾಡಿಕೊಳ್ಳುವ ಬಾಳು. ಹೊಸ ಊರಿನ ಮೊದಲ ಬೆಳಗಿನಲ್ಲಿ ಹಾಸಿಗೆಯಲ್ಲಿದ್ದಂತೆಯೇ ಹೊರಗಿನ ಸದ್ದುಗಳನ್ನು ಎಣಿಸುವುದು ನಮ್ಮ ಹಳೆಯ ಅಭ್ಯಾಸ. ಅಹಮದಾಬಾದಿನ ಈ ಬಡಾವಣೆಯ ಸದ್ದುಗಳು ಈಗ ಬಾಯಿಪಾಠವಾಗಿವೆ: ಐದೂವರೆಗೆ ಹಾಲಿನ ಗಾಡಿ, ಆರಕ್ಕೆ ಜೈನ ದೇರಾಸರದ ಗಂಟೆ, ಆರೂವರೆಗೆ ಮೂಲೆಯ ಕೀಟ್ಲಿಯಲ್ಲಿ ಚಹಾಕ್ಕೆ ಶುಂಠಿ ಕುಟ್ಟುವ ಸದ್ದು. ಕಳೆದ ಡಿಸೆಂಬರಿನಲ್ಲಿ ಈ ಪಟ್ಟಿಗೆ ಇನ್ನೊಂದು ಸೇರಿತು. ವಸತಿಗೃಹದ ಹಿಂದಿನ ಮೈದಾನದಿಂದ, ತಾಯಿಯನ್ನು ಅಗಲಿದ ಕರು ಒರಲಿದಂತಹ ದನಿಯೊಂದು ಎದ್ದು, ನಡುವೆಯೇ ಸೀಳಿ, ನಿಂತುಹೋಯಿತು. ಮಗಳು ಬೆಚ್ಚಿ ಎದ್ದು ಕುಳಿತು, ‘ಏನಪ್ಪಾ ಅದು?’ ಎಂದಳು. ‘ಬ್ಯೂಗಲ್’ ಎಂದೆವು. ಹಾಗೆನ್ನುವಾಗ ನಮ್ಮ ದನಿ ಎಂದಿನಂತಿರಲಿಲ್ಲವೆಂದು ಅವಳು ಆಮೇಲೆ ತಾಯಿಯ ಬಳಿ ಹೇಳಿದಳಂತೆ.

ಬಾಲ್ಕನಿಯಿಂದ ನೋಡಿದರೆ, ಗಣರಾಜ್ಯೋತ್ಸವದ ಕವಾಯತಿಗೆ ಸಿದ್ಧತೆ ನಡೆಸಿದ್ದ ಎನ್.ಸಿ.ಸಿ. ತಂಡ. ಎಲ್ಲರೂ ಸಾಲಾಗಿ ನಡೆಯುತ್ತಿದ್ದರೆ, ಬೇವಿನ ಮರದ ಕೆಳಗೆ ಒಬ್ಬ ಹುಡುಗಿ ಮಾತ್ರ ಬೇರೆಯಾಗಿ ನಿಂತು ಹಿತ್ತಾಳೆಯ ವಾದ್ಯವನ್ನು ಊದುತ್ತಿದ್ದಳು. ಬ್ಯೂಗಲ್ ಊದುವವರು ಎಂದಿಗೂ ಹೀಗೆಯೇ, ತಂಡದವರಾಗಿಯೂ ತಂಡದಿಂದ ಹತ್ತು ಹೆಜ್ಜೆ ದೂರ. ಇದನ್ನು ನಾವು ಬಲ್ಲೆವು, ಏಕೆಂದರೆ ನಾವು ಒಬ್ಬ ಬ್ಯೂಗಲರ್‌ನ ಮನೆಯಲ್ಲಿ ಬೆಳೆದವರು.

ಕರುವಿನ ಹೋಲಿಕೆ ನಮಗೆ ತಾನಾಗಿ ಹೊಳೆದದ್ದಾದರೂ ಅದರ ಬೇರು ಪದದಲ್ಲಿಯೇ ಇದೆ. ಇಂಗ್ಲಿಷಿನ ‘ಬ್ಯೂಗಲ್’ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಬುಕುಲಸ್’ ಎಂಬ ಮಾತಿನಿಂದ ಬಂದದ್ದು; ಅದಕ್ಕೆ ಎಳೆಯ ಹೋರಿ ಎಂದರ್ಥ. ಮೊದಲು ಊದುತ್ತಿದ್ದುದು ಹೋರಿಯ ಕೊಂಬನ್ನೇ. ಕನ್ನಡವಂತೂ ಈ ನಂಟನ್ನು ಮರೆಮಾಚಿಯೇ ಇಲ್ಲ. ಕೊಡಗಿನ ಕೊಂಬು-ಕೊಟ್ಟಿನಲ್ಲಿಯೂ ತುಳುನಾಡಿನ ಕಂಬಳದ ಗದ್ದೆಯ ಅಂಚಿನಲ್ಲಿಯೂ ಮೊಳಗುವ ವಾದ್ಯಕ್ಕೆ ಇಂದಿಗೂ ಕೊಂಬು ಎಂದೇ ಹೆಸರು. ಇಲ್ಲಿಯ ಗುಜರಾತಿಯಲ್ಲಿ ಅದು ‘ರಣಶಿಂಗುಂ’. ಶೃಂಗವೆಂದರೂ ಕೊಂಬೇ ತಾನೆ! ಚುನಾವಣೆ ಘೋಷಣೆಯಾದೊಡನೆ ನಮ್ಮ ಪತ್ರಿಕೆಗಳು ‘ರಣಕಹಳೆ’ ಮೊಳಗಿಸುವಂತೆ ಇಲ್ಲಿಯ ಪತ್ರಿಕೆಗಳು ರಣಶಿಂಗುಂ ಊದಿಸುತ್ತವೆ. ಊದುವವನ ತುಟಿಯ ನೋವು ಎರಡು ಭಾಷೆಗಳ ಸಂಪಾದಕರಿಗೂ ತಿಳಿಯದು.

ನಮ್ಮ ತಂದೆಯವರು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಪೊಲೀಸ್ ಸಶಸ್ತ್ರ ಮೀಸಲು ಪಡೆಯ ಬ್ಯೂಗಲರ್ ಆಗಿದ್ದರು. 1969ರಲ್ಲಿ ಸೇರಿ 2004ರಲ್ಲಿ ನಿವೃತ್ತರಾದರು. ಅವರಿಗೆ ವಿದ್ಯೆ ಕಲಿಸಿದವರು ಬೆಳಗಾವಿಯ ಮರಾಠಾ ಲಘು ಪದಾತಿದಳದಿಂದ ನಿವೃತ್ತರಾಗಿ ಬಂದಿದ್ದ ಹಿರಿಯರೊಬ್ಬರು. ಆ ದಳದ ಲಾಂಛನದಲ್ಲಿಯೇ ಬ್ಯೂಗಲ್ ಇದೆ. ಅದಕ್ಕೆ ಕಾರಣವೂ ಇದೆ. ಸಾಲುಗಟ್ಟಿ ನಿಂತ ಸೈನ್ಯಕ್ಕೆ ನಗಾರಿಯ ಪೆಟ್ಟು ಸಾಕಾಗುತ್ತಿತ್ತು. ಆದರೆ ಲಘು ಪದಾತಿಗಳು ಗಿಡಗಂಟಿಗಳ ನಡುವೆ ಚದುರಿಹೋಗಿ ಕಾದುವವರು. ನಗಾರಿಯನ್ನು ಹೊತ್ತು ಓಡಲಾಗದು, ಅದರ ಸದ್ದು ಅಷ್ಟು ದೂರ ಸ್ಪಷ್ಟವಾಗಿ ತಲುಪದು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಹ್ಯಾನೋವರ್ ಸೀಮೆಯ ಬೇಟೆಗಾರರ ಅರ್ಧಚಂದ್ರಾಕಾರದ ಕಹಳೆ ಸೈನ್ಯವನ್ನು ಸೇರಿದ್ದು ಹೀಗೆ. ಅಲ್ಲಿಂದ ಅದು ಬ್ರಿಟಿಷರ ಕೈಗೂ, ಅವರಿಂದ ನಮ್ಮ ಸೈನ್ಯಕ್ಕೂ, ಅಲ್ಲಿಂದ ನಮ್ಮ ಪೊಲೀಸ್ ಲೈನಿಗೂ ಬಂದಿತು.

ತಂದೆಯವರ ಬ್ಯೂಗಲ್ ಮೀರತ್ತಿನಲ್ಲಿ ಮಾಡಿದ್ದು. ದೇಶದ ಮದುವೆಯ ಬ್ಯಾಂಡುಗಳಿಗೂ ಸೈನ್ಯದ ಬ್ಯಾಂಡುಗಳಿಗೂ ಹಿತ್ತಾಳೆಯ ವಾದ್ಯಗಳನ್ನು ಒದಗಿಸುವ ಊರು ಅದು. ಅಲ್ಲಿಯ ಜಾಲಿ ಕೋಠಿಯ ಓಣಿಗಳಲ್ಲಿ ತಲೆಮಾರುಗಳಿಂದ ಈ ಕಸುಬು ನಡೆದುಬಂದಿದೆ. ಮದುವೆಯ ಬ್ಯಾಂಡಿನ ಟ್ರಂಪೆಟ್ಟಿಗೆ ಮೂರು ಗುಂಡಿಗಳಿರುತ್ತವೆ. ಅದರಲ್ಲಿ ಯಾವ ಚಿತ್ರಗೀತೆಯನ್ನಾದರೂ ನುಡಿಸಬಹುದು. ಬ್ಯೂಗಲ್ಲಿಗೆ ಗುಂಡಿಯೂ ಇಲ್ಲ, ರಂಧ್ರವೂ ಇಲ್ಲ. ಸುಮಾರು ನಾಲ್ಕೂವರೆ ಅಡಿ ಉದ್ದದ ಕೊಳವೆಯನ್ನು ಸುತ್ತಿ ಇಟ್ಟದ್ದು, ಅಷ್ಟೆ. ಬೆರಳಿಗೆ ಕೆಲಸವಿಲ್ಲ, ಎಲ್ಲವನ್ನೂ ತುಟಿ ಮತ್ತು ಉಸಿರು ಮಾಡಬೇಕು. ತುಟಿಯನ್ನು ಬಿಗಿಹಿಡಿದಂತೆ ದನಿ ಮೇಲಿನ ಮೆಟ್ಟಿಲಿಗೆ ಜಿಗಿಯುತ್ತದೆ. ಹೀಗೆ ಸಿಗುವುದು ಐದು ಮೆಟ್ಟಿಲು ಮಾತ್ರ: ಷಡ್ಜ, ಪಂಚಮ, ಮೇಲಿನ ಷಡ್ಜ, ಅದರ ಗಾಂಧಾರ, ಮತ್ತೆ ಪಂಚಮ. ನಮ್ಮ ಲೆಕ್ಕದಲ್ಲಿ ಮೂರೇ ಸ್ವರ: ಸ, ಗ, ಪ. ರಿಷಭವಿಲ್ಲ, ಮಧ್ಯಮವಿಲ್ಲ, ಧೈವತ ನಿಷಾದಗಳಿಲ್ಲ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆಯಲ್ಲ, ಸಂಗೀತಗಾರರು ಸ್ವಯಂಭೂ ಗಾಂಧಾರವೆನ್ನುವುದು, ಬ್ಯೂಗಲ್ಲಿನ ಗಾಂಧಾರವೂ ಅದೇ. ತಂತಿಯಲ್ಲಿ ಅವಿತಿರುವುದನ್ನು ಇಲ್ಲಿ ಉಸಿರು ಹೊರಗೆಳೆಯುತ್ತದೆ. ತಂಬೂರಿಗೆ ಸಿಕ್ಕ ಗೌರವ ಮಾತ್ರ ಅದರ ಈ ದಾಯಾದಿಗೆ ಸಿಗಲಿಲ್ಲ.

ಒಮ್ಮೆ ಗಣಪತಿ ಹಬ್ಬದಲ್ಲಿ ಓಣಿಯವರು ತಂದೆಯವರನ್ನು ಮುತ್ತಿ, ರಾಜಕುಮಾರರ ಹಾಡೊಂದನ್ನು ಬ್ಯೂಗಲ್ಲಿನಲ್ಲಿ ಬಾರಿಸಬೇಕೆಂದು ಹಟ ಹಿಡಿದರು. ಅವರು ನಕ್ಕು, ‘ಇದರಾಗ ಹಾಡಿಲ್ರೀ, ಹುಕುಂ ಅಷ್ಟ ಐತಿ’ ಎಂದರು. ನಿಜವೇ. ಏಳು, ಸಾಲುಗೂಡು, ಊಟಕ್ಕೆ ಬಾ, ಅಧಿಕಾರಿ ಬಂದರು, ಧ್ವಜ ಇಳಿಯಿತು, ದೀಪ ಆರಿಸು: ಪೊಲೀಸ್ ಲೈನಿನ ಇಡೀ ದಿನ ಆ ಮೂರು ಸ್ವರಗಳ ಮೇಲೆ ನಡೆಯುತ್ತಿತ್ತು. ಗಡಿಯಾರವಿಲ್ಲದ ಮನೆಗಳಲ್ಲಿ ಹೆಂಗಸರು ಸಂಜೆಯ ‘ರಿಟ್ರೀಟ್’ ಕೇಳಿ ಒಲೆ ಹಚ್ಚುತ್ತಿದ್ದರು. ಎಲ್ಲರ ಹೊತ್ತನ್ನು ಸಾರುತ್ತಿದ್ದ ಆ ವಾದ್ಯಕ್ಕೆ ಯಾರೊಬ್ಬರೂ ಚಪ್ಪಾಳೆ ತಟ್ಟಿದ್ದನ್ನು ನಾವು ಕೇಳಿಲ್ಲ. ಹುಕುಮಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಕರೆಗಳಲ್ಲೆಲ್ಲ ನಮ್ಮನ್ನು ಹೆಚ್ಚು ಕಾಡಿದ್ದು ‘ಲಾಸ್ಟ್ ಪೋಸ್ಟ್’. ಬಾಲ್ಯದಲ್ಲಿ ಅದನ್ನು ದಿನದ ಕೊನೆಯ ಟಪಾಲೆಂದು ತಿಳಿದಿದ್ದೆವು. ಅಪ್ಪ ಊದಿದೊಡನೆ ಎಲ್ಲಿಯೋ ಒಂದು ಅಂಚೆಪೆಟ್ಟಿಗೆಗೆ ಬೀಗ ಬೀಳುತ್ತದೆಂದು ನಂಬಿದ್ದೆವು. ಪೋಸ್ಟ್ ಎಂದರೆ ಕಾವಲಿನ ಠಾಣೆ ಎಂಬುದು ತಿಳಿದದ್ದು ಬಹಳ ತಡವಾಗಿ. ಬ್ರಿಟಿಷ್ ಸೈನ್ಯದ ಬೀಡಿನಲ್ಲಿ ರಾತ್ರಿ ಅಧಿಕಾರಿಯೊಬ್ಬ ಕಾವಲಿನ ಠಾಣೆಗಳನ್ನು ಒಂದೊಂದಾಗಿ ನೋಡಿ ಬರುತ್ತಿದ್ದ. ಸುತ್ತು ಆರಂಭವಾದಾಗ ಮೊದಲ ಕರೆ. ಕೊನೆಯ ಠಾಣೆಯನ್ನು ಮುಟ್ಟಿದಾಗ ಕೊನೆಯ ಕರೆ. ಎಲ್ಲರೂ ಅವರವರ ಜಾಗದಲ್ಲಿದ್ದಾರೆ, ಬೀಡು ಸುರಕ್ಷಿತವಾಗಿದೆ, ಇನ್ನು ಮಲಗಬಹುದು ಎಂಬುದಷ್ಟೇ ಅದರ ಅರ್ಥ. ಅದೇ ಕರೆಯನ್ನು ಮುಂದೆ ಸಮಾಧಿಯ ಬಳಿಯೂ ಊದತೊಡಗಿದರು. ನಿನ್ನ ಕಾವಲು ಮುಗಿಯಿತು, ಮಲಗು ಎಂಬ ಮಾತು ಸತ್ತವನಿಗೂ ಸಲ್ಲುತ್ತದೆಯಲ್ಲವೆ?

ಸಕಲ ಸರ್ಕಾರಿ ಗೌರವಗಳೊಡನೆ ನಡೆಯುವ ಅಂತ್ಯಕ್ರಿಯೆಗಳನ್ನು ಓದುಗರು ದೂರದರ್ಶನದಲ್ಲಿ ಕಂಡಿರುತ್ತಾರೆ. ‘ಶೋಕ ಶಸ್ತ್ರ’ ಎಂಬ ಆಜ್ಞೆಗೆ ಬಂದೂಕುಗಳು ತಲೆಕೆಳಗಾಗುತ್ತವೆ, ಗಾಳಿಯಲ್ಲಿ ಗುಂಡು ಹಾರುತ್ತದೆ, ಬಳಿಕ ಬ್ಯೂಗಲ್. ಕ್ಯಾಮೆರಾ ಆಗ ಮೃತರ ಮುಖದ ಮೇಲೋ ಮಂತ್ರಿಗಳ ಮುಖದ ಮೇಲೋ ಇರುತ್ತದೆ. ಊದುವವನ ಮುಖದ ಮೇಲಿರುವುದು ಅಪರೂಪ. ತಂದೆಯವರು ಮೂವತ್ತೈದು ವರ್ಷಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ, ಶಾಸಕರಿಗೆ, ಗಡಿಯಿಂದ ಶವಪೆಟ್ಟಿಗೆಯಲ್ಲಿ ಬಂದ ಹಳ್ಳಿಯ ಹುಡುಗರಿಗೆ ಹೀಗೆ ವಿದಾಯ ಹೇಳಿದರು. ಪ್ರತಿವರ್ಷ ಅಕ್ಟೋಬರ್ 21ರಂದು ಅವರ ದೊಡ್ಡ ಪರೀಕ್ಷೆ. 1959ರ ಆ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನೀ ಸೈನಿಕರ ಗುಂಡಿಗೆ ಹತ್ತು ಮಂದಿ ಪೊಲೀಸರು ಬಲಿಯಾದರು. ಅಂದಿನ ನೆನಪಿಗೆ ದೇಶದಾದ್ಯಂತ ಪೊಲೀಸ್ ಹುತಾತ್ಮರ ದಿನಾಚರಣೆ. ಆ ವರ್ಷ ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಓದುತ್ತಾರೆ, ಆಮೇಲೆ ಲಾಸ್ಟ್ ಪೋಸ್ಟ್. ಕವಾಯತು ಮುಗಿಸಿ ಮನೆಗೆ ಬಂದ ತಂದೆಯವರ ಮುಂದೆ ಅವ್ವ ಚಹಾ ಇಟ್ಟು, ‘ಈ ವರ್ಷನೂ ನಿಮ್ಮ ಹೆಸರು ಓದಲಿಲ್ಲಲಾ, ಅಷ್ಟ ಸಾಕು’ ಎನ್ನುತ್ತಿದ್ದಳು.

ಇಷ್ಟೆಲ್ಲ ಹೇಳಿದ ಮೇಲೆ, ಹೇಳಲೇಬೇಕಾದ ಇನ್ನೊಂದು ಮಾತಿದೆ. ತಂದೆಯವರ ಕೆಲಸದ ಬಗ್ಗೆ ನಮಗೆ ನಾಚಿಕೆಯಿತ್ತು. ಶಾಲೆಯಲ್ಲಿ ಹುಡುಗರು ರಾಜರತ್ನಂ ಅವರ ಶಿಶುಗೀತೆಯ ಕಸ್ತೂರಿಯನ್ನು ನೆನಪಿಸಿ ನಮ್ಮನ್ನು ‘ತುತ್ತೂರಿ’ ಎಂದು ಕರೆಯುತ್ತಿದ್ದರು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಸಹಪಾಠಿಗಳಿಗೆ ‘ತಂದೆ ಪೊಲೀಸ್ ಇಲಾಖೆಯಲ್ಲಿದ್ದಾರೆ’ ಎಂದಷ್ಟೇ ಹೇಳಿ, ಅವರು ಊಹಿಸಿಕೊಂಡ ಇನ್ಸ್‌ಪೆಕ್ಟರನನ್ನು ಹಾಗೆಯೇ ಇರಗೊಟ್ಟೆವು. ತರಗತಿಯಲ್ಲಿ ವಿಲ್ಫ್ರೆಡ್ ಓವೆನ್‌ನ ‘ಆಂಥೆಮ್ ಫಾರ್ ಡೂಮ್ಡ್ ಯೂತ್’ ಪಾಠವಾಯಿತು. ಗಂಟೆಯಿಲ್ಲದೆ, ಪ್ರಾರ್ಥನೆಯಿಲ್ಲದೆ ಸಾಯುವ ತರುಣರನ್ನು ಅವರ ಊರ ಕಡೆಯ ಬ್ಯೂಗಲ್‌ಗಳು ಕರೆಯುವ ಚಿತ್ರ ಅದರಲ್ಲಿದೆ. ಆ ಸುನೀತದ ಪ್ರಾಸವಿನ್ಯಾಸವನ್ನು ನಾವು ನಾಲ್ಕು ಪುಟ ಬರೆದು ಒಳ್ಳೆಯ ಅಂಕ ಪಡೆದೆವು. ಆ ಬ್ಯೂಗಲ್ಲು ನಮ್ಮ ಮನೆಯ ಮೊಳೆಗೆ ತೂಗುಬಿದ್ದಿದೆಯೆಂದು, ಅದಕ್ಕೆ ವಾರಕ್ಕೆರಡು ಬಾರಿ ಬ್ರಾಸೋ ಹಚ್ಚುವುದು ನಮ್ಮ ಬಾಲ್ಯದ ಕೆಲಸವಾಗಿತ್ತೆಂದು ಒಂದು ಸಾಲನ್ನೂ ಬರೆಯಲಿಲ್ಲ.

ನಿವೃತ್ತಿಯ ದಿನ ಬ್ಯೂಗಲ್ ಉಗ್ರಾಣಕ್ಕೆ ಹಿಂದಿರುಗಿತು. ಅದು ಸರ್ಕಾರದ ಸ್ವತ್ತು. ತಮ್ಮ ಸ್ವಂತ ದುಡ್ಡಿನಲ್ಲಿ ಕೊಂಡಿದ್ದ ಮೌತ್‌ಪೀಸ್ ಒಂದನ್ನು ಮಾತ್ರ ತಂದೆಯವರು ಇಟ್ಟುಕೊಂಡರು. ಅದನ್ನೇ ತುಟಿಗೆ ಹಿಡಿದು, ಕೊಳವೆಯಿಲ್ಲದೆ, ದುಂಬಿಯಂತೆ ಗುಂಯ್‌ಗುಟ್ಟಿಸುತ್ತ ಹಿತ್ತಲಿನಲ್ಲಿ ಕೂಡುತ್ತಿದ್ದರು. ತುಟಿಯ ಕಸುವು ಹೋಗಬಾರದೆಂದು ಹಾಗೆ ಮಾಡುತ್ತಿದ್ದರು. ಯಾವ ಕರೆಗಾಗಿ ಆ ಕಸುವನ್ನು ಕಾಯ್ದಿಡುತ್ತಿದ್ದರೋ ತಿಳಿಯದು.

2014ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಾವು ದೂರದ ಊರಿನಿಂದ ಧಾವಿಸಿ ಬಂದು ಎಲ್ಲ ವ್ಯವಸ್ಥೆಗೆ ನಿಂತೆವು. ಹೆಣವನ್ನು ಎತ್ತುವ ಮೊದಲು ಅವ್ವ ನಮ್ಮನ್ನು ಒಳಕ್ಕೆ ಕರೆದು ಮೆಲ್ಲಗೆ ಕೇಳಿದಳು: ‘ಇಷ್ಟ ಮಂದಿಗೆ ಊದ್ಯಾರ, ಅವರಿಗೆ ಯಾರರೆ ಊದತಾರನು?’ ನಾವು ಕಚೇರಿಯ ಕಡತದ ಭಾಷೆಯಲ್ಲಿ ಉತ್ತರಿಸಿದೆವು: ‘ನಿವೃತ್ತ ಪೇದೆಗಳಿಗೆ ಆ ನಿಯಮ ಇಲ್ಲವ್ವ.’ ಅವಳು ಮತ್ತೆ ಕೇಳಲಿಲ್ಲ. ನಾವು ಯಾವ ನಿಯಮವನ್ನೂ ನೋಡಿರಲಿಲ್ಲ. ಯಾರ ಮುಂದೆಯೂ ಹೋಗಿ, ‘ನಮ್ಮ ತಂದೆ ಬ್ಯೂಗಲರ್ ಆಗಿದ್ದರು’ ಎಂದು ಹೇಳಲು ನಮಗೆ ಮನಸ್ಸಾಗಲಿಲ್ಲ, ಅಷ್ಟೆ.

ಹನ್ನೊಂದನೆಯ ದಿನ ಒಬ್ಬರು ಸೈಕಲ್ ಏರಿ ಬಂದರು. ತಂದೆಯವರ ಕೈಕೆಳಗೆ ಕಲಿತವರು, ಇನ್ನೂ ನೌಕರಿಯಲ್ಲಿದ್ದರು. ಭಾವಚಿತ್ರಕ್ಕೆ ಕೈಮುಗಿದು ಬಹಳ ಹೊತ್ತು ಸುಮ್ಮನೆ ಕುಳಿತು, ಹೊರಡುವಾಗ ಹೇಳಿದರು: ‘ಒಂದು ಮಾತು ಹೇಳಿ ಕಳಿಸಿದ್ದರ ನಾ ಬರ್ತಿದ್ದೆನಲ್ಲ ತಮ್ಮಾ. ರಜಾ ಹಾಕಿ ಬರ್ತಿದ್ದೆ. ಗುರುವಿಗೆ ಊದಾಕ ಆರ್ಡರ್ ಬೇಕೇನು?’ ಅದು ಆಕ್ಷೇಪವಾಗಿರಲಿಲ್ಲ. ಆದ್ದರಿಂದಲೇ ಅದಕ್ಕೆ ಉತ್ತರವಿರಲಿಲ್ಲ. ಅಂದಿನವರೆಗೆ ನಾವು ಒಳಗೊಳಗೇ ವ್ಯವಸ್ಥೆಯನ್ನು ದೂರಿಕೊಂಡು ಹಗುರಾಗಿದ್ದೆವು. ಆ ಆಸರೆಯೂ ಅಂದು ತಪ್ಪಿತು. ಕೊಡಲೊಲ್ಲೆನೆಂದವರು ಯಾರೂ ಇರಲಿಲ್ಲ. ಕೇಳದೆ ಹೋದವರು ನಾವು.

ಅಂದಿನಿಂದ ಬ್ಯೂಗಲ್ಲಿನ ಸಂಗತಿ ಎಲ್ಲಿ ಕಂಡರೂ ಓದುವ ಚಟ ನಮಗೆ ಅಂಟಿತು. ಭಾರತೀಯ ಸೈನ್ಯದ ಬ್ಯಾಂಡುಗಳವರು ಕಲಿಯುವ ಪಚ್‌ಮಡಿಯ ಸಂಗೀತ ವಿಭಾಗ 1950ರಲ್ಲಿ ಆರಂಭವಾದದ್ದು, ಆಗಿನ ಮಹಾದಂಡನಾಯಕರಾಗಿದ್ದ ನಮ್ಮ ಕೊಡಗಿನ ಕಾರ್ಯಪ್ಪನವರ ಆಸ್ಥೆಯಿಂದ ಎಂದು ತಿಳಿದಾಗ, ಕೊಂಬಿನ ನಾಡಿನವರಿಗೆ ಕಹಳೆಯ ಬೆಲೆ ತಿಳಿಯದಿದ್ದೀತೆ ಎನಿಸಿತು. ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಮೆನಿನ್ ಗೇಟಿನ ಕೆಳಗೆ, ಮೊದಲ ಮಹಾಯುದ್ಧದಲ್ಲಿ ಮಡಿದು ಸಮಾಧಿಯೂ ಗುರುತಾಗದವರ ಹೆಸರುಗಳ ಮುಂದೆ, 1928ರಿಂದ ಪ್ರತಿ ಸಂಜೆ ಎಂಟಕ್ಕೆ ಲಾಸ್ಟ್ ಪೋಸ್ಟ್ ಊದುತ್ತಾರೆ; ಎರಡನೆಯ ಮಹಾಯುದ್ಧದಲ್ಲಿ ಊರು ಜರ್ಮನ್ನರ ವಶದಲ್ಲಿದ್ದಾಗ ಮಾತ್ರ ಅದು ಅಲ್ಲಿ ನಿಂತಿತ್ತು. ಆ ಗೋಡೆಯ ಮೇಲೆ ಐವತ್ತನಾಲ್ಕು ಸಾವಿರಕ್ಕೂ ಮಿಕ್ಕ ಹೆಸರುಗಳಿವೆ, ಭಾರತದ ಸೈನಿಕರವೂ ಇವೆ. ಅಲ್ಲಿ ಊದುವವರಲ್ಲಿ ಹೆಚ್ಚಿನವರು ಊರಿನ ಅಗ್ನಿಶಾಮಕ ದಳದೊಡನೆ ನಂಟುಳ್ಳ ಸಾಮಾನ್ಯರು.

ಅಮೆರಿಕದಲ್ಲಿ ಈ ವಿದಾಯದ ಕರೆಗೆ ‘ಟ್ಯಾಪ್ಸ್’ ಎಂದು ಹೆಸರು. ಅಲ್ಲಿಯ ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ರೂಪುಗೊಂಡ ಇಪ್ಪತ್ತನಾಲ್ಕೇ ಸ್ವರಗಳ ರಚನೆ. 1963ರ ನವೆಂಬರ್ 25ರಂದು ಅಧ್ಯಕ್ಷ ಕೆನೆಡಿಯವರ ಸಮಾಧಿಯ ಬಳಿ ಅದನ್ನು ಊದಿದವರು ಸಾರ್ಜೆಂಟ್ ಕೀತ್ ಕ್ಲಾರ್ಕ್. ಚಳಿಯಲ್ಲಿ ಬಹಳ ಹೊತ್ತು ಕಾದು ನಿಂತಿದ್ದ ಅವರ ಆರನೆಯ ಸ್ವರ ಒಡೆಯಿತು. ನುರಿತ ವಾದಕನ ಆ ತಪ್ಪನ್ನು ಜಗತ್ತು ಕೇಳಿತು. ಅನೇಕರಿಗೆ ಅದು ದೇಶವೇ ಬಿಕ್ಕಿದಂತೆ ಕೇಳಿಸಿತು. ಮುಂದೆ ಮಾಜಿ ಸೈನಿಕರ ಅಂತ್ಯಕ್ರಿಯೆಗಳು ಹೆಚ್ಚಿ ಬ್ಯೂಗಲರ್‌ಗಳು ಸಾಲದಾದಾಗ, 2003ರಲ್ಲಿ ಅಲ್ಲಿ ವಿದ್ಯುನ್ಮಾನ ಬ್ಯೂಗಲ್ ಬಳಕೆಗೆ ಬಂದಿತು. ಅದರ ಬಾಯಿಯೊಳಗೆ ಸಣ್ಣ ಯಂತ್ರವೊಂದು ಧ್ವನಿಮುದ್ರಣವನ್ನು ನುಡಿಸುತ್ತದೆ. ಹಿಡಿದು ನಿಂತ ಸೈನಿಕ ಊದುವಂತೆ ನಟಿಸಿದರೆ ಸಾಕು. ಆ ಯಂತ್ರದ ಸ್ವರ ಎಂದಿಗೂ ಒಡೆಯುವುದಿಲ್ಲ.

ಇದನ್ನು ಓದಿದಾಗ ನಮಗೆ ತಂದೆಯವರ ಮಾತು ನೆನಪಾಯಿತು. ಶಿಷ್ಯರಿಗೆ ಅವರು ಎರಡೇ ಸೂತ್ರ ಹೇಳುತ್ತಿದ್ದರು. ಮೊದಲನೆಯದು, ‘ಗಲ್ಲ ಉಬ್ಬಿಸಬ್ಯಾಡ’. ಎರಡನೆಯದು, ‘ದನಿ ಒಡೀತಂತ ನಡುವ ನಿಂದರಬ್ಯಾಡ. ಒಡದದ್ದು ನಿನ್ನ ತಪ್ಪು. ನಿಂತದ್ದು ಸತ್ತಾಂವಗ ಅವಮಾನ.’ ಆ ಮಾತನ್ನು ನಾವು ಬಾಲ್ಯದಿಂದಲೂ ಕೇಳಿದ್ದೆವು. ಅದು ಬ್ಯೂಗಲ್ಲಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿದಿದ್ದೆವು.

ಜನವರಿಯ ಮೂರನೆಯ ವಾರ, ಉತ್ತರಾಯಣದ ಗಾಳಿಪಟಗಳ ಗದ್ದಲ ಮುಗಿದು, ತಂತಿಗಳಿಗೆ ಸಿಕ್ಕಿದ ಮಾಂಜಾ ದಾರ ಇನ್ನೂ ಹೊಳೆಯುತ್ತಿದ್ದ ಒಂದು ಬೆಳಗು, ನಾವು ಕೆಳಗಿಳಿದು ಮೈದಾನಕ್ಕೆ ಹೋದೆವು. ಹುಡುಗಿ ಲಾಸ್ಟ್ ಪೋಸ್ಟ್ ಕಲಿಯುತ್ತಿದ್ದಳು. ಮೇಲಿನ ಪಂಚಮಕ್ಕೆ ಬಂದಾಗಲೆಲ್ಲ ದನಿ ಸೀಳುತ್ತಿತ್ತು. ಅವಳು ನಿಲ್ಲಿಸಿ, ತುಟಿ ಒರಸಿಕೊಂಡು, ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದಳು. ನಮ್ಮ ಹರಕು ಗುಜರಾತಿಯಲ್ಲಿ ಪರಿಚಯ ಹೇಳಿಕೊಂಡೆವು. ‘ಮಾರಾ ಪಪ್ಪಾ ಬ್ಯೂಗಲರ್ ಹತಾ’ ಎಂದೆವು. ಯಾವ ಭಾಷೆಯಲ್ಲಿಯೇ ಆಗಲಿ, ಅಪರಿಚಿತರೊಬ್ಬರಿಗೆ ನಾವು ಆ ವಾಕ್ಯವನ್ನು ಹೇಳಿದ್ದು ಅದೇ ಮೊದಲು. ಅವಳ ಕಣ್ಣು ಅರಳಿತು. ‘ಸಾಚೇ, ಅಂಕಲ್?’ ಎಂದಳು. ತಂದೆಯವರ ಎರಡು ಸೂತ್ರಗಳನ್ನು ಅವಳಿಗೆ ಹೇಳಿ, ತುಸು ದೂರ ಸರಿದು ನಿಂತೆವು.

ಆಮೇಲೆ ಏನು ತೋಚಿತೋ, ಊರಿನಲ್ಲಿರುವ ಅವ್ವನಿಗೆ ಫೋನು ಹಚ್ಚಿ, ‘ಕೇಳವ್ವ’ ಎಂದಷ್ಟೇ ಹೇಳಿ ಅದನ್ನು ಮರದ ಕಡೆಗೆ ಹಿಡಿದೆವು. ಹುಡುಗಿ ಈ ಸಲ ನಿಲ್ಲಿಸಲಿಲ್ಲ. ಮೇಲಿನ ಪಂಚಮ ಎಂದಿನಂತೆ ಒಡೆಯಿತು. ಅವಳು ಅದನ್ನು ದಾಟಿ, ಕೊನೆಯ ಉದ್ದನೆಯ ಸ್ವರದವರೆಗೂ ಹೋದಳು. ನಾವು ನೆಟ್ಟಗೆ ನಿಂತಿದ್ದೆವು.

ಫೋನನ್ನು ಕಿವಿಗೆ ತಂದಾಗ ಅತ್ತ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಬಳಿಕ ಅವ್ವ, ‘ಮ್ಯಾಲಿಂದು ಹಿಡೀಲಿಲ್ಲ’ ಎಂದಳು. ‘ನಿಮ್ಮಪ್ಪಂದೂ ಮೊದಮೊದಲ ಅಲ್ಲೇ ಒಡೀತಿತ್ತು.’ ಮತ್ತೆ ತಡೆದು ಕೇಳಿದಳು: ‘ಯಾರು ತೀರಿಕೊಂಡಾರ?’

‘ಯಾರೂ ಇಲ್ಲವ್ವ. ಒಂದು ಹುಡುಗಿ ಕಲೀಲಿಕ್ಕತ್ತಾಳ.’

‘ಹಂಗಾರ ಕಲೀಲಿ’ ಎಂದಳು ಅವ್ವ. ‘ಇನ್ನೊಮ್ಮೆ ಊದು ಅನ್ನು. ಕೇಳತೀನಿ.’